ಬಾಯಲ್ಲಿ ಕವಳ ಇದೆ ಅಂದುಕೊಂಡೆ

ನಮ್ಮ ಶಿರಸಿ ಕಡೆ ಯಾರದ್ದಾದರೂ ಮಾತು ತೊದಲಿದರೆ ಗಾಬರಿ ಆಗುವುದಿಲ್ಲ. ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ ಇರುತ್ತದೆ, ಅಷ್ಟೇ. ಅಡಿಕೆ ಮಂಡಿಯಲ್ಲಿ 11 ವರ್ಷದಿಂದ ಮಾರಾಟದ ಪಟ್ಟಿ ಬರೆಯುವ ನನಗಂತೂ ಅರ್ಧ ಮಾತಿನಲ್ಲೇ ರಾಶಿ ಅಡಿಕೆಯೋ ಚಾಲಿ ಅಡಿಕೆಯೋ ತಿಳಿಯುತ್ತದೆ.

ಅವತ್ತು ಟೆಂಡರ್ ಮುಗಿದು ಕೌಂಟರಿನ ಮುಂದೆ ದೊಡ್ಡ ಸಾಲು. ಅರವತ್ತು ದಾಟಿದ ಹೆಗಡೇರೊಬ್ಬರು ಪಟ್ಟಿಗೆ ಸಹಿ ಹಾಕಬೇಕಿತ್ತು. ಪೆನ್ನು ಜಾರಿ ಬಿತ್ತು. ಎತ್ತಿ ಕೊಟ್ಟೆ. ಸಹಿ ಅಂತ ಗೀಚಿದ್ದು ಗೆರೆಯಿಂದ ಕೆಳಗೆ ಇಳಿದು ಹೋಗಿತ್ತು. "ಹೆಗಡೇರೆ, ಹಳೇ ಸಹಿಗೆ ಹೊಂದುವುದಿಲ್ಲ, ಇನ್ನೊಂದ್ಸಲ ಹಾಕಿ" ಅಂದೆ. ಮೂರು ಸಲ ಹಾಕಿಸಿದೆ, ಮೂರು ಸಲ! ಅವರು ಏನೋ ಹೇಳಲು ನೋಡಿದರು, ನಾನು "ಮೊದಲು ಕವಳ ಉಗಿದು ಬನ್ನಿ" ಅಂತ ರೇಗಿದೆ ಬೇರೆ. ಬಾಯಿಯ ಬಲತುದಿಯಿಂದ ಕೆಂಪು ರಸ ಇಳಿದು ಬಿಳಿ ಅಂಗಿಯ ಮೇಲೆ ಹನಿಯುತ್ತಿತ್ತು, ಅಷ್ಟು ಶುಚಿಯ ಮನುಷ್ಯ ಅದನ್ನು ಒರೆಸಿಕೊಳ್ಳಲೂ ಇಲ್ಲ. ಆಗಲೂ ನನಗೆ ಹೊಳೆಯಲಿಲ್ಲ. ಬಿಸಿಲಿಗೆ ಸುಸ್ತಾಗಿರಬೇಕು ಅಂತ ನೀರು ಕುಡಿಸಿದೆ. ಅದು ನೆತ್ತಿಗೆ ಹತ್ತಿ ಕೆಮ್ಮು ನಿಲ್ಲಲೇ ಇಲ್ಲ.

ಚೀಲ ಇಳಿಸಿ ಬಂದ ಹಮಾಲರ ಹುಡುಗ ಒಂದು ಸಲ ಮುಖ ನೋಡಿದ. ಅವನ ಅಜ್ಜಿಗೂ ಹೀಗೇ ಆಗಿತ್ತಂತೆ. "ಎರಡೂ ಕೈ ಎತ್ತಿ ಹಿಡೀರಿ ಅಜ್ಜಾ" ಅಂದ. ಎಡಗೈ ನಿಂತಿತು, ಬಲಗೈ ಮೆಲ್ಲಗೆ ಕೆಳಗೆ ಬಂತು. ನಗಿ ಅಂದರೆ ಬಾಯಿ ಒಂದೇ ಕಡೆ ಹೋಯಿತು. "ಲಕ್ವಾ ಸರ್ ಇದು, ನೀರು ಕೊಡಬೇಡಿ, 108ಕ್ಕೆ ಫೋನ್ ಮಾಡಿ."

ನಮ್ಮ ಯಜಮಾನರು ಅಷ್ಟು ಹೊತ್ತೂ ಪ್ರಥಮ ಚಿಕಿತ್ಸೆ ಡಬ್ಬಿಯ ಕೀಲಿ ಹುಡುಕುತ್ತಿದ್ದರು. ಒಳಗಿದ್ದದ್ದು ಹತ್ತಿ ಮತ್ತು ಒಣಗಿದ ಟಿಂಚರ್! ಇನ್ಯಾರೋ ಆಸ್ಪಿರಿನ್ ತಂದರು, ಪುಣ್ಯಕ್ಕೆ ಕೊಡಲಿಲ್ಲ. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದು ಸೋರಿದೆಯೋ ಅನ್ನುವುದು ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ, ಸೋರಿದ್ದರೆ ಆ ಮಾತ್ರೆಯೇ ಅಪಾಯ.

ಡಾಕ್ಟರು ಮೊದಲು ಕೇಳಿದ್ದು, "ಇವರು ಸರಿಯಾಗಿದ್ದದ್ದು ಎಷ್ಟು ಗಂಟೆಯವರೆಗೆ?" ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆಯ ಗಡುವು. ಇಲ್ಲಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್, ನೀವೇ ಲೆಕ್ಕ ಹಾಕಿ. ತೂಕದ ಚೀಟಿಯಲ್ಲಿ 12.10 ಅಂತ ಇತ್ತು, ಆಗ ಅವರು ತೂಕದವನ ಜೊತೆ ಜೋರಾಗಿ ಜಗಳ ಆಡಿದ್ದರು. ಆ ಚೀಟಿ ತೋರಿಸಿದ್ದೊಂದೇ ನನ್ನಿಂದಾದ ಉಪಕಾರ.

ಈಗ ಕೋಲು ಹಿಡಿದು ಬರುತ್ತಾರೆ, ಎಡಗೈಯಲ್ಲಿ ಸಹಿ ಹಾಕುತ್ತಾರೆ. ಅವತ್ತಿನ ಪಟ್ಟಿ ಇನ್ನೂ ಫೈಲಿನಲ್ಲಿದೆ. ಮೂರು ಸಹಿಯ ಪಕ್ಕ ಆಡಿಟಿನವರು ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: "ಸಹಿ ಹೊಂದುತ್ತಿಲ್ಲ, ವಿವರಣೆ ಕೊಡಿ."