ಫಲಾಫೆಲ್: ಕಡಲೆ ನೆನೆಯಬೇಕು, ಬೇಯಬಾರದು

ಫಲಾಫೆಲ್ ಎಂದರೆ ಕಡಲೆ, ಸೊಪ್ಪು ರುಬ್ಬಿ ಉಂಡೆ ಕಟ್ಟಿ ಕರಿಯುವ ಅರಬ್ ನಾಡುಗಳ ತಿಂಡಿ. ಎಣ್ಣೆಗೆ ಬಿಟ್ಟ ಕೂಡಲೇ ಅದು ಬಿಚ್ಚಿಕೊಂಡು ಪುಡಿಪುಡಿಯಾಯಿತೆಂದರೆ, ತಪ್ಪು ಬಹುತೇಕ ಕಡಲೆಯಲ್ಲೇ ಇರುತ್ತದೆ. ಬೇಯಿಸಿದ ಅಥವಾ ಡಬ್ಬಿಯಲ್ಲಿ ಬರುವ ಕಾಬೂಲಿ ಕಡಲೆ ಇದಕ್ಕೆ ಆಗುವುದಿಲ್ಲ. ಬೇಯುವಾಗಲೇ ಅದರ ಪಿಷ್ಟ ನೀರು ಹೀರಿ ಉಬ್ಬಿ ಮುಗಿದಿರುತ್ತದೆ, ಮತ್ತೆ ಹಿಡಿದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಹಸಿಯಾಗಿ ನೆನೆದ ಕಡಲೆಯ ಪಿಷ್ಟ ಬಿಸಿ ಎಣ್ಣೆಯಲ್ಲಿ ಮೊದಲ ಬಾರಿ ಬೆಂದು ಅಂಟಾಗುತ್ತದೆ. ಉಂಡೆಯನ್ನು ಕಟ್ಟಿ ಹಿಡಿಯುವುದು ಆ ಅಂಟೇ. ಡಬ್ಬಿ ಕಡಲೆಗೆ ಮೈದಾ ಬೆರೆಸಿ ಸರಿಪಡಿಸಬಹುದು, ಆದರೆ ಆಗ ಒಳಗಿನ ಹಗುರತನ ಹೋಗಿ ಹಿಟ್ಟಿನ ಮುದ್ದೆಯಾಗುತ್ತದೆ.

250 ಗ್ರಾಂ ಒಣ ಕಾಬೂಲಿ ಕಡಲೆಗೆ ಒಂದು ಲೀಟರ್ ತಣ್ಣೀರು ಹಾಕಿ 18ರಿಂದ 24 ಗಂಟೆ ನೆನೆಸಿ. ನೆನೆದ ಮೇಲೆ ತೂಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸೆಕೆಯ ದಿನಗಳಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ನೊರೆ ಬಂದು ಹುಳಿಯುತ್ತದೆ. ಒಂದು ಕಾಳನ್ನು ಸೀಳಿ ನೋಡಿ: ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಇದ್ದರೆ ಇನ್ನೂ ನೆನೆಯಬೇಕು. ಹಳೆಯ ಕಡಲೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ನೀರು ಬಸಿದರೆ ಸಾಲದು. ಬಟ್ಟೆಯ ಮೇಲೆ ಹರಡಿ, ಮೇಲಿನ ತೇವವೆಲ್ಲ ಹೋಗುವಂತೆ ಒರೆಸಬೇಕು. ತೊಳೆದ ಸೊಪ್ಪಿಗೂ ಇದೇ ಮಾತು. ಬೇಸರದ ಕೆಲಸವೆಂದು ಬಿಟ್ಟರೆ ಆಮೇಲೆ ಉಂಡೆ ಕಟ್ಟುವಾಗ ಅದರ ಫಲ ಕಾಣುತ್ತದೆ.

ಕಡಲೆಯ ಜೊತೆಗೆ ಒಂದು ಮಧ್ಯಮ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಪಾರ್ಸ್ಲಿ ಮತ್ತು ಕೊತ್ತಂಬರಿ ಸೊಪ್ಪು ಸೇರಿ 50 ಗ್ರಾಂ, ಹುರಿದು ಪುಡಿ ಮಾಡಿದ ಜೀರಿಗೆ ಮತ್ತು ಧನಿಯಾ ತಲಾ ಎರಡು ಟೀ ಚಮಚ, ಕಾಳುಮೆಣಸು ಅರ್ಧ ಚಮಚ. ಸೊಪ್ಪಿನಲ್ಲಿ ಜಿಪುಣತನ ಬೇಡ. ಮುರಿದಾಗ ಒಳಗೆ ಹಸಿರು ಕಾಣಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ರುಬ್ಬುವ ಹದ. ಫುಡ್ ಪ್ರೊಸೆಸರ್ ಇದ್ದರೆ ಒಳ್ಳೆಯದು. ಮಿಕ್ಸಿಯಾದರೆ ಜಾರಿನ ಅರ್ಧದಷ್ಟೇ ತುಂಬಿ, ಒಂದೊಂದೇ ಸುತ್ತು ಬಿಟ್ಟುಬಿಟ್ಟು ತಿರುಗಿಸಿ, ನಡುನಡುವೆ ಬದಿಗೆ ಅಂಟಿದ್ದನ್ನು ಕೆರೆದು ಕೆಳಗಿಳಿಸಿ. ನೀರು ಒಂದು ಹನಿಯೂ ಬೇಡ. ದಪ್ಪ ರವೆಯಂತೆ ತರಿತರಿಯಾಗಿರಬೇಕು, ಮುಷ್ಟಿಯಲ್ಲಿ ಹಿಸುಕಿದರೆ ನಿಲ್ಲಬೇಕು. ತೀರಾ ತರಿಯಾದರೆ ಎಣ್ಣೆಯಲ್ಲಿ ಒಡೆಯುತ್ತದೆ. ನುಣ್ಣಗಾದರೆ ಒಳಗೆ ಗಾಳಿಗೆ ಜಾಗವಿಲ್ಲದೆ ಗಟ್ಟಿಯಾಗಿ, ಅಂಟಂಟಾಗಿ ಉಳಿಯುತ್ತದೆ. ತರಿ ಹೆಚ್ಚಾದರೆ ಮತ್ತೆ ಒಂದು ಸುತ್ತು ತಿರುಗಿಸಬಹುದು, ನುಣ್ಣಗಾದದ್ದನ್ನು ಹಿಂದಕ್ಕೆ ತರಲಾಗದು.

ರುಬ್ಬಿದ್ದನ್ನು ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಒಂದೂವರೆ ಟೀ ಚಮಚ ಉಪ್ಪು, ಒಂದು ಚಮಚ ಬೇಕಿಂಗ್ ಪೌಡರ್ ಸೇರುವುದು ಉಂಡೆ ಕಟ್ಟುವ ಮೊದಲಷ್ಟೇ. ಉಪ್ಪು ಮುಂಚೆ ಬಿದ್ದರೆ ಈರುಳ್ಳಿ, ಸೊಪ್ಪು ನೀರು ಬಿಡುತ್ತವೆ. ಹಾಗಾಗಿ ಸಡಿಲವಾದರೆ ಒಂದು ದೊಡ್ಡ ಚಮಚ ಕಡಲೆ ಹಿಟ್ಟು ಬೆರೆಸಿ, ಅದಕ್ಕಿಂತ ಹೆಚ್ಚು ಬೇಡ. 30 ಗ್ರಾಂ ತೂಕದ, ತುಸು ಚಪ್ಪಟೆಯಾದ ಉಂಡೆಗಳು ಇಪ್ಪತ್ತರ ಮೇಲಾಗುತ್ತವೆ. ಬಿಗಿಯಾಗಿ ಅದುಮಬೇಡಿ.

ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಟಿಕೆ ಮಿಶ್ರಣ ಹಾಕಿ: ಸುತ್ತಲೂ ಗುಳ್ಳೆಯೆದ್ದು ಕೆಲವೇ ಕ್ಷಣದಲ್ಲಿ ತೇಲಿಬರಬೇಕು, ಕೂಡಲೇ ಕಪ್ಪಾಗಬಾರದು. ಕಾವು ಕಡಿಮೆಯಾದರೆ ಉಂಡೆ ಎಣ್ಣೆ ಕುಡಿಯುತ್ತದೆ. ಹೆಚ್ಚಾದರೆ ಮೇಲೆ ಕಂದು, ಒಳಗೆ ಹಸಿ. ಮೊದಲು ಒಂದನ್ನೇ ಕರಿದು, ಮುರಿದು, ರುಚಿ ನೋಡಿ. ಉಪ್ಪು, ಹದ ತಿದ್ದಲು ಅದೇ ಕೊನೆಯ ಅವಕಾಶ. ಒಮ್ಮೆಗೆ ಐದಾರು ಸಾಕು. ಹಾಕಿದ ಮೊದಲ ಒಂದು ನಿಮಿಷ ಸೌಟು ತಾಗಿಸಬೇಡಿ, ಹೊರಪದರ ಗಟ್ಟಿಯಾಗಲಿ. ಒಟ್ಟು ನಾಲ್ಕು ನಿಮಿಷಕ್ಕೆ ಗಾಢ ಕಂದು ಬಣ್ಣ ಬರುತ್ತದೆ. ತೆಗೆದು ಜಾಲರಿಯ ಮೇಲೆ ಇಡಿ; ಕಾಗದದ ಮೇಲೆ ರಾಶಿ ಹಾಕಿದರೆ ಹಬೆಗೆ ಗರಿಗರಿ ಹೋಗುತ್ತದೆ.

ಜೊತೆಗೆ ತಹಿನಿ ಸಾಸ್: ಅರ್ಧ ಕಪ್ ತಹಿನಿಗೆ (ಎಳ್ಳನ್ನು ನುಣ್ಣಗೆ ರುಬ್ಬಿದ ಪೇಸ್ಟ್) ಒಂದು ನಿಂಬೆಯ ರಸ, ಜಜ್ಜಿದ ಬೆಳ್ಳುಳ್ಳಿ, ಉಪ್ಪು. ಮೊದಲು ಬಿಗಿದುಕೊಂಡು ಗಂಟುಗಂಟಾಗುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತಾ ಕಲಕಿದರೆ ಬೆಳ್ಳಗಾಗಿ, ಸುರಿಯುವ ಹದಕ್ಕೆ ಬರುತ್ತದೆ.