ಜೂನ್ 7ರವರೆಗೆ

21 ಮೇ 2021, ಶುಕ್ರವಾರ, ರಾತ್ರಿ

ಕೊರೊನಾ ಲಾಕ್‌ಡೌನ್ ಜೂನ್ 7ರವರೆಗೆ ಮುಂದುವರಿಯುತ್ತದೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಇವತ್ತು ಘೋಷಿಸಿದರು. ಮೇ 10ರಂದು ಶುರುವಾದದ್ದು ಈ ಸೋಮವಾರ ಮುಗಿಯಬೇಕಿತ್ತು. ಟಿವಿಯಲ್ಲಿ ಒಬ್ಬರು ಜನ ಒಳ್ಳೆಯ ಸಹಕಾರ ಕೊಡುತ್ತಿದ್ದಾರೆ ಎಂದರು, ಅವರ ಪಕ್ಕದಲ್ಲಿ ಕೂತವರು ನಮ್ಮ ಜನಕ್ಕೆ ಬುದ್ಧಿಯೇ ಇಲ್ಲ ಎಂದರು. ಊಟಕ್ಕೆ ಕೂತಿದ್ದವನು ಎದ್ದು ಟಿವಿ ಆರಿಸಿದೆ. ಬೆಳಿಗ್ಗೆಯಿಂದ ಹನ್ನೊಂದು ಮನೆಗಳ ಅಂಗಳ ತುಳಿದು ಬಂದಿದ್ದೇನೆ. ಅಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಮಲಗುವ ಮೊದಲು ಬರೆದಿಡುತ್ತೇನೆ.

ಈ ಪುಟಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು. ಕಾರವಾರ ಮತ್ತು ಅಂಕೋಲಾದ ನಡುವೆ ಕಡಲ ಬದಿಯ ಒಂದು ಊರಿನ ಶಾಖಾ ಅಂಚೆ ಕಚೇರಿಯಲ್ಲಿ ನಾನು ಪೋಸ್ಟ್ ಮಾಸ್ತರ. ಹೋದ ವರ್ಷದಿಂದ ನನ್ನ ಚೀಲದಲ್ಲಿ ಪತ್ರಕ್ಕಿಂತ ಔಷಧದ ಪೊಟ್ಟಣ, ನಗದು ಹೆಚ್ಚು. ಆಧಾರ್ ಜೋಡಿಸಿದ ಖಾತೆ ಯಾವ ಬ್ಯಾಂಕಿನಲ್ಲಿದ್ದರೂ ಮನೆ ಬಾಗಿಲಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವ ವ್ಯವಸ್ಥೆ ಅಂಚೆಯಲ್ಲಿ ಇದೆ. 2020ರ ಏಪ್ರಿಲ್‌ನಿಂದ ಮೂರು ತಿಂಗಳು ಕೇಂದ್ರ ಸರಕಾರ ಜನಧನ ಖಾತೆಯ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿ ಹಾಕಿತು. ಆಗಲೇ ನಮ್ಮ ಊರಿನ ಎಷ್ಟೋ ಮನೆಗಳ ಒಳಗನ್ನು ಮೊದಲ ಸಲ ಕಂಡೆ. ಯಾರ ಮನೆಯ ಒಲೆ ಹೊತ್ತಿದೆ, ಯಾರ ಮನೆಯದು ಹೊತ್ತಿಲ್ಲ ಎಂಬುದು ಅಂಗಳದಲ್ಲಿ ನಿಂತರೆ ಗೊತ್ತಾಗುತ್ತದೆ.

ಇವತ್ತಿನ ಮೂರನೆಯ ಮನೆ ಮೀನು ಮಾರುವ ಅಕ್ಕನದು. ಅರವತ್ತಾರು ವರ್ಷ. ಸಂಧ್ಯಾ ಸುರಕ್ಷಾದ, ಅಂದರೆ ವೃದ್ಧರ ಪಿಂಚಣಿಯ, ಸಾವಿರ ರೂಪಾಯಿ ತೆಗೆದುಕೊಡಬೇಕಿತ್ತು. ಸಿಗ್ನಲ್ ಸಿಗುವುದು ಅವರ ಮನೆಯ ಹಿಂದಿನ ತೆಂಗಿನಮರದ ಬುಡದಲ್ಲಿ ಮಾತ್ರ, ಹಾಗಾಗಿ ಅಲ್ಲೇ ಕೂತೆವು. ಕೈಗೆ ಸ್ಯಾನಿಟೈಸರ್ ಹಾಕಿದೆ. ಅಕ್ಕ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ಒದ್ದೆ ಇರಬೇಕೆಂದು ಸೆರಗಿಗೆ ಒರೆಸಿಕೊಂಡು ಇಟ್ಟರು, ಆಗಲೂ ಇಲ್ಲ. ಬೆರಳನ್ನು ತಿರುಗಿಸಿ ನೋಡಿದೆ. ಗೆರೆಗಳೇ ಇಲ್ಲ. ನಲವತ್ತು ವರ್ಷ ಮೀನಿನ ಹುರುಪೆ ಕೆರೆದು, ಉಪ್ಪು ಬಳಿದು, ಮಂಜುಗಡ್ಡೆಯಲ್ಲಿ ಕೈ ಆಡಿಸಿ ಬೆರಳ ತುದಿ ಹೊಳೆಯ ಕಲ್ಲಿನಂತೆ ನುಣುಪಾಗಿದೆ. ಅಡ್ಡಕ್ಕೆ ಒಂದು ಹಳೆಯ ಗಾಯದ ಬಿಳಿ ಗೆರೆ, ಸಿಗಡಿಯ ಮುಳ್ಳು ಹೊಕ್ಕಿದ್ದಂತೆ. ನಾಲ್ಕನೆಯ ಸಲಕ್ಕೂ ಆಗದಿದ್ದಾಗ ಅಕ್ಕ ತಾವೇ ಬೆರಳನ್ನು ಬೈತಲೆಗೆ ಉಜ್ಜಿಕೊಂಡರು. ಎಣ್ಣೆಯ ಜಿಡ್ಡು ತಾಗಿದ ಮೇಲೆ ಐದನೆಯ ಸಲ ಯಂತ್ರ ಬೀಪ್ ಎಂದಿತು.

ನೋಟು ಎಣಿಸುತ್ತ ಅವರು ಕೇಳಿದರು: "ತಮ್ಮಾ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ವ್ಯಾಪಾರ ಎಂದು ಬರೆದವರು ಯಾರು? ದೋಣಿ ದಡಕ್ಕೆ ಬರುವುದೇ ಎಂಟೂವರೆ, ಒಂಬತ್ತಕ್ಕೆ. ಪಾಲು ಹಾಕಿ ಬುಟ್ಟಿ ತುಂಬಿ ನಾಲ್ಕು ಮನೆ ತಿರುಗುವಷ್ಟರಲ್ಲಿ ಪೊಲೀಸರು ಬಂದು ನಿಲ್ಲುತ್ತಾರೆ. ನನಗೆ ರೋಗದ ಹೆದರಿಕೆ ಇಲ್ಲವೇ? ಇದೆ. ನನಗೆ ಎರಡು ತಾಸು ಕೊಟ್ಟರೆ ಸಾಕು, ಆ ಎರಡು ತಾಸು ಯಾವುದು ಎಂದು ನನ್ನನ್ನು ಕೇಳಬೇಕಿತ್ತು."

ಲಾಕ್‌ಡೌನ್ ಬಗ್ಗೆ ಈ ಎರಡು ವರ್ಷಗಳಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನ್ಯಾಯವಾದ ಮಾತು ಇನ್ನೊಂದಿಲ್ಲ.

ಮುಖ್ಯಮಂತ್ರಿಗಳು ಬುಧವಾರ ಘೋಷಿಸಿದ ಪರಿಹಾರದ ವಿಷಯವೂ ಬಂತು. ಪತ್ರಿಕೆ ನನ್ನ ಚೀಲದಲ್ಲಿಯೇ ಇತ್ತು. ಓದಿ ಹೇಳಿದೆ: ಆಟೊ ಚಾಲಕರಿಗೆ 3,000, ಕಟ್ಟಡ ಕಾರ್ಮಿಕರಿಗೆ 3,000, ಕ್ಷೌರಿಕರು, ಅಗಸರು, ದರ್ಜಿಗಳಿಗೆ 2,000. "ಮೀನಿನವರದು?" ಎಂದರು. ಮತ್ತೊಮ್ಮೆ ಮೊದಲಿನಿಂದ ಓದಿದೆ. ಮೀನಿನವರದು ಇರಲಿಲ್ಲ. ನೋಂದಾಯಿತ ಬೀದಿ ವ್ಯಾಪಾರಿಗಳು ಎಂದು ಒಂದು ಸಾಲು ಇತ್ತು, ತಲೆಯ ಮೇಲೆ ಬುಟ್ಟಿ ಹೊತ್ತು ಕೇರಿ ತಿರುಗುವವರನ್ನು ನೋಂದಾಯಿಸಿಕೊಂಡವರು ಯಾರೂ ಇಲ್ಲ. ಇನ್ನು ಹನ್ನೊಂದು ದಿನಕ್ಕೆ ಜೂನ್ ಒಂದು. ಯಾಂತ್ರಿಕ ದೋಣಿಗಳಿಗೆ ಜುಲೈ 31ರವರೆಗೆ ಮಳೆಗಾಲದ ನಿಷೇಧ. ಆ ಎರಡು ತಿಂಗಳಿಗೆ ಕೂಡಿಡುವುದೇ ಮೇ ತಿಂಗಳಲ್ಲಿ. ಕೈಗೆ ಕಾಸು, ಚಪ್ಪರದ ಮೇಲೆ ಒಣಮೀನು. ಈ ಸಲ ಎರಡೂ ಇಲ್ಲ.

ಏಳನೆಯ ಮನೆಯವರು ಸರಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಇನ್ನೂ ಒಂದು ತಿಂಗಳು ಬಿಗಿಯಾಗಿ ಮುಚ್ಚಬೇಕು, ಹೊರಗೆ ಬಂದವರಿಗೆ ನಾಲ್ಕು ಬಿಡಬೇಕು ಎಂದರು. ಅವರ ಪಿಂಚಣಿ ಪ್ರತಿ ತಿಂಗಳು ತಪ್ಪದೆ ಬರುತ್ತದೆ. ನನ್ನ ಸಂಬಳವೂ ಬರುತ್ತಿದೆ. ಹೋದ ವರ್ಷ ನಾನೂ ಹೆಚ್ಚುಕಡಿಮೆ ಅವರಂತೆಯೇ ಮಾತಾಡುತ್ತಿದ್ದೆ, ಆದ್ದರಿಂದ ಅವರ ಮೇಲೆ ಸಿಟ್ಟು ಬರಲಿಲ್ಲ.

ಹೋದ ವರ್ಷವನ್ನು ನೆನೆದರೆ ಬೇರೆಯೇ ಊರಿನ ಕತೆ ಎನಿಸುತ್ತದೆ. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ನಮ್ಮ ಕೇರಿಯಲ್ಲಿ ಜಾಗಟೆ ಬಾರಿಸದ ಮನೆ ಇರಲಿಲ್ಲ. ಯುಗಾದಿಯ ದಿನವೇ ದೇಶ ಮುಚ್ಚಿತು, ಬೇವು ಬೆಲ್ಲ ತರಲು ಹೋದವರು ಬಾಗಿಲು ಹಾಕಿದ ಅಂಗಡಿ ನೋಡಿ ಮರಳಿದರು, ಆದರೂ ಯಾರೂ ಗೊಣಗಲಿಲ್ಲ. ಭಟ್ಕಳದಲ್ಲಿ ರೋಗ ಕಾಣಿಸಿಕೊಂಡು, ಅಲ್ಲಿಯವರನ್ನು ನಮ್ಮ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ತಂದಾಗ ಹೆದರಿಕೆ ಮನೆಯೊಳಗೇ ಬಂತು. ಆಗ ಸರಕಾರಕ್ಕಿಂತ ಊರೇ ಬಿಗಿ. ಹುಡುಗರು ಗಾಳಿಮರ ಕಡಿದು ರಸ್ತೆಗೆ ಅಡ್ಡ ಹಾಕಿದರು. ಗೋವಾದಲ್ಲಿ ದುಡಿಯುತ್ತಿದ್ದ ನಮ್ಮದೇ ಮಕ್ಕಳು ಮಾಜಾಳಿ ಗಡಿ ದಾಟಿ ನಡೆದು ಬಂದಾಗ ಬೇಲಿಯ ಆಚೆ ನಿಲ್ಲಿಸಿದೆವು. ಒಬ್ಬ ಹುಡುಗ ಬೇಲಿಯ ಆ ಕಡೆಯಿಂದ ಅಮ್ಮನನ್ನು ಕರೆಯುತ್ತಿದ್ದ, ಅವಳು ಈ ಕಡೆ ಗಂಜಿಯ ತಂಬಿಗೆ ಹಿಡಿದು ನಿಂತಿದ್ದಳು. ಆ ಬೇಲಿ ಬೇಕು ಎಂದವರಲ್ಲಿ ನಾನೂ ಇದ್ದೆ. ಆ ಹುಡುಗನ ಮನೆಗೆ ಇವತ್ತೂ ಹೋಗಿದ್ದೆ. ಅವನು ನಗುತ್ತ ನೀರು ಕೊಟ್ಟ, ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಈ ವರ್ಷ ಅಂಥ ಬೇಲಿ ಎಲ್ಲೂ ಏಳಲಿಲ್ಲ. ರೋಗ ಹೋದ ವರ್ಷಕ್ಕಿಂತ ಹತ್ತಿರ ಬಂದಿದೆ, ಸಾವು ಹೆಚ್ಚಿದೆ, ಆದರೂ ಆದೇಶದ ಮೇಲಿನ ನಂಬಿಕೆ ಕಡಿಮೆಯಾಗಿದೆ. ಜನ ಕೆಟ್ಟುಹೋದರು ಎನ್ನುವವರು ಮೇ 10ರ ಬೆಳಿಗ್ಗೆಯನ್ನು ನೆನೆಯಬೇಕು. ಅಗತ್ಯ ವಸ್ತು ತರಲು ನಡೆದೇ ಹೋಗಬೇಕು, ವಾಹನ ತೆಗೆಯುವಂತಿಲ್ಲ ಎಂದು ಆದೇಶವಿತ್ತು. ಬೆಂಗಳೂರಿನ ಬೀದಿಯ ತುದಿಯಲ್ಲಿ ಅಂಗಡಿ ಇರಬಹುದು. ನಮ್ಮ ಜಿಲ್ಲೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೇ ಗುಡ್ಡ ಇಳಿದು ಹಳ್ಳ ದಾಟಬೇಕು. ಶಿರಸಿ, ಸಿದ್ದಾಪುರ, ಜೋಯಿಡಾದ ಕಡೆ ಅಕ್ಕಿಗೆ ಐದಾರು ಕಿಲೋಮೀಟರ್ ಹೋಗುವುದು ಸಾಮಾನ್ಯ. ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವನ್ನು ಹತ್ತು ಗಂಟೆಯ ಒಳಗೆ ತಲೆಯ ಮೇಲೆ ಹೊತ್ತು ತರಬೇಕಿತ್ತೇ? ಅವತ್ತು ಹೆದ್ದಾರಿಯ ತಿರುವಿನಲ್ಲಿ ಬೈಕಿನ ಮೇಲೆ ಅಕ್ಕಿ ಇಟ್ಟುಕೊಂಡು ಬರುತ್ತಿದ್ದ ನಮ್ಮೂರಿನವರ ಬೆನ್ನಿಗೆ ಲಾಠಿ ಬಿತ್ತು. ಚೀಲ ಹರಿದು ಅಕ್ಕಿ ಟಾರಿನ ಮೇಲೆ ಚೆಲ್ಲಿತು, ಅವರು ಕೂತು ಎರಡೂ ಕೈಯಿಂದ ಬಾಚಿಕೊಂಡರು. ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದು ಎಂದು ನಿಯಮ ಬದಲಾಯಿತು ನಿಜ. ಅದೇ ಅಕ್ಕಿ ಚೆಲ್ಲುವ ಮೊದಲು ಬದಲಾಗಿದ್ದರೆ!

ನಮ್ಮ ಕಚೇರಿಯ ಗೋಡೆಗೆ ಹಚ್ಚಿದ ಆದೇಶದ ಕೊನೆಯಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆ, ಭಾರತೀಯ ದಂಡ ಸಂಹಿತೆಯ 188ನೇ ಕಲಂ ಎಂದೆಲ್ಲ ಇದೆ. ಹೋದ ವರ್ಷ ಮೊದಲಿಗೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಹೆಸರಿತ್ತು. ಮುಂಬಯಿಗೆ ಪ್ಲೇಗ್ ಬಂದಾಗ ಬ್ರಿಟಿಷರು ಅವಸರದಲ್ಲಿ ತಂದ ಕಾಯ್ದೆ ಅದು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪುಣೆಯಲ್ಲಿ ಸಿಪಾಯಿಗಳು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು, ದೇವರಮನೆಯನ್ನೂ ಬಿಡಲಿಲ್ಲ ಎಂದು ಜನ ಕುದಿದರು, ಅದೇ ವರ್ಷ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹೊಡೆದರು. ನೂರಿಪ್ಪತ್ತು ವರ್ಷಗಳ ಮೇಲೂ ಅದೇ ಕಾಯ್ದೆಯ ಕಾಗದ ಕೈಗೆ ಬಂದದ್ದು ನನಗೆ ಸರಿ ಕಾಣಲಿಲ್ಲ. ಆ ಕಾಯ್ದೆಯ ತುಂಬ ಅಧಿಕಾರಿಗೆ ಏನು ಮಾಡಬಹುದು ಎಂಬುದಿದೆ, ಮುಚ್ಚಿಸಿಕೊಂಡವನಿಗೆ ಇಷ್ಟು ಕೊಡಲೇಬೇಕು ಎಂಬ ಕಟ್ಟಳೆ ಇಲ್ಲ.

ಮಾಸ್ತರರ ಬಗ್ಗೆ ಬರೆಯದೆ ಇವತ್ತಿನ ದಿನ ಮುಗಿಯುವುದಿಲ್ಲ. ನನಗೆ ನಾಲ್ಕನೆಯ ತರಗತಿಗೆ ಕಲಿಸಿದವರು. ದಿನಾ ಹನ್ನೊಂದಕ್ಕೆ ಅಂಚೆ ಕಚೇರಿಗೆ ಬಂದು ಪತ್ರಿಕೆ ಓದುತ್ತಿದ್ದರು. ಮೊದಲು ಜೀವ ಉಳಿಯಲಿ, ಉಳಿದದ್ದೆಲ್ಲ ಆಮೇಲೆ ಎಂದು ಹೋದ ವರ್ಷ ನನ್ನೊಡನೆ ವಾದಿಸಿದ್ದರು. ಈ ತಿಂಗಳ ಮೊದಲ ವಾರ ಅವರಿಗೆ ಉಸಿರು ಕಟ್ಟಿತು. ದೊಡ್ಡ ಕಾಯಿಲೆ ಬಂದರೆ ನಮಗೆ ಇರುವುದು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ. ನಾಲ್ಕೂ ಜಿಲ್ಲೆಯ ಹೊರಗೆ. ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಈ ಜಿಲ್ಲೆಯವರು ವರ್ಷಗಳಿಂದ ಕೇಳುತ್ತಿದ್ದಾರೆ. ಮಾಸ್ತರರ ಮಗ ಫೋನ್ ಮಾಡುತ್ತಲೇ ಇದ್ದ, ಹಾಸಿಗೆ ಇಲ್ಲ ಎಂಬ ಉತ್ತರ ಬರುತ್ತಲೇ ಇತ್ತು. ಎರಡನೆಯ ರಾತ್ರಿ ತೀರಿಕೊಂಡರು. ಶವಸಂಸ್ಕಾರಕ್ಕೆ ಐದೇ ಜನ ಎಂಬ ನಿಯಮ. ಅವರ ಕೈಯಲ್ಲಿ ಅಕ್ಷರ ಕಲಿತ ನಾವೆಲ್ಲ ಗದ್ದೆಯ ಬದುವಿನ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ನಿಂತು, ದೂರದಿಂದ ಹೊಗೆ ಏಳುವುದನ್ನು ನೋಡಿದೆವು.

ಆ ನಿಯಮವನ್ನು ನಾನು ಮುರಿಯಲಿಲ್ಲ. ಅದು ಬೇಕಿತ್ತು ಎಂದೇ ಇವತ್ತಿಗೂ ನಂಬಿದ್ದೇನೆ. ಆದರೆ ನಮ್ಮನ್ನು ಬದುವಿನ ಮೇಲೆ ನಿಲ್ಲಿಸುವಷ್ಟು ಗಟ್ಟಿಯಾದ ಸರಕಾರ ಒಂದು ಹಾಸಿಗೆ ಹುಡುಕಿಕೊಡುವಾಗ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಊರಿನವರ ಸಿಟ್ಟು ಇರುವುದು ಇಲ್ಲಿ. ಇದನ್ನು ಬುದ್ಧಿಗೇಡಿತನ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ.

ಇಲ್ಲಿಯ ಎಷ್ಟೋ ಮನೆಗಳು ಸೀಬರ್ಡ್ ನೌಕಾನೆಲೆಗಾಗಿ ಸ್ವಂತ ಊರು ಬಿಟ್ಟು ಬಂದವರವು. ದೇಶಕ್ಕೆ ಬೇಕು ಎಂದಾಗ ಮನೆ, ಗದ್ದೆ, ದೇವಸ್ಥಾನ, ಕಡಲತಡಿ ಬಿಟ್ಟುಕೊಟ್ಟವರಿಗೆ ತ್ಯಾಗದ ಪಾಠ ಹೇಳಬೇಕಾಗಿಲ್ಲ.

ಹೋದ ಶನಿವಾರ ರಾತ್ರಿ ಚಂಡಮಾರುತ ಬಂತಲ್ಲ, ತೌಕ್ತೆ. ಅಲೆ ದಿಬ್ಬ ದಾಟಿ ತೆಂಗಿನ ಬುಡಕ್ಕೆ ಬಂದಿತ್ತು. ದಡದಲ್ಲಿದ್ದ ದೋಣಿಗಳನ್ನು ಮೇಲೆಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ಹಲಗೆಯೂ ಸಿಗುತ್ತಿರಲಿಲ್ಲ. ಒಂದು ದೋಣಿ ಎಳೆಯಲು ಹದಿನೈದು ಜನ ಬೇಕು, ಹೆಗಲಿಗೆ ಹೆಗಲು ತಾಗಿಸಿ. ಆರು ಅಡಿ ಅಂತರದಲ್ಲಿ ನಿಂತು ದೋಣಿ ಎಳೆಯಲಾಗುವುದಿಲ್ಲ. ಮಳೆಯಲ್ಲಿ ಮಾಸ್ಕ್ ತೊಯ್ದು ಮೂಗಿಗೆ ಅಂಟಿಕೊಂಡಾಗ ಎಲ್ಲರೂ ಕಿತ್ತು ಜೇಬಿಗೆ ಹಾಕಿಕೊಂಡರು. ನಾನೂ ಹಗ್ಗ ಹಿಡಿದಿದ್ದೆ. ಒಂಬತ್ತು ದೋಣಿ ಉಳಿಸಿದೆವು, ಎರಡು ಹೋದವು.

ಆ ರಾತ್ರಿ ಹಗ್ಗ ಹಿಡಿದವರಲ್ಲಿ ಇಬ್ಬರಿಗೆ ನಿನ್ನೆಯಿಂದ ಜ್ವರ. ಒಬ್ಬ ಮೀನಿನ ಅಕ್ಕನ ಮಗ. ಅಕ್ಕ ಇದನ್ನು ನನಗೆ ಹಣ ತೆಗೆದುಕೊಂಡ ಮೇಲೆ, ಹೊರಡುವಾಗ ಹೇಳಿದರು. "ಅವನು ಹೋಗಬಾರದಿತ್ತೇನೋ. ಹೋಗದಿದ್ದರೆ ದೋಣಿ ಇರುತ್ತಿರಲಿಲ್ಲ" ಎಂದು ಹೇಳಿ ಬಾಗಿಲ ಕಡೆ ನೋಡಿದರು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆಯುತ್ತಿಲ್ಲ.

ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದ್ದೇನೆ. ನಾಳೆ ಏಳಕ್ಕೆ ಆಕ್ಸಿಮೀಟರ್ ಹಿಡಿದು ಬರುತ್ತಾರೆ, ಪರೀಕ್ಷೆಗೆ ಕರೆದೊಯ್ಯಲು ಗಾಡಿಯ ಏರ್ಪಾಡನ್ನೂ ಮಾಡುತ್ತಾರಂತೆ. ಆ ಮನೆಗೆ ಅಕ್ಕಿ, ತೊಗರಿಬೇಳೆ ನಾನು ತಲುಪಿಸಬೇಕು, ಹತ್ತರ ಒಳಗೆ. ನನಗೆ ಇನ್ನೂ ಜ್ವರ ಬಂದಿಲ್ಲ. ಆದರೂ ಇವತ್ತಿನಿಂದ ಜಗಲಿಯ ಮೇಲೆ ಮಲಗುತ್ತೇನೆ, ಮಕ್ಕಳು ಒಳಗಿದ್ದಾರೆ.