ಲಾಗಿನಲ್ಲಿ ಬಾರದ ಒಂದು ಸಾಲು

ಇವತ್ತು ಬೆಳಿಗ್ಗೆಯಿಂದ ನಮ್ಮನೆಯ ಟಾರ್ ರಿಲೇ (ಗುರುತು ಮರೆಸುವ ಟಾರ್ ಜಾಲಕ್ಕಾಗಿ ಬೇರೆಯವರ ಟ್ರಾಫಿಕ್ ದಾಟಿಸುವ ಸರ್ವರ್) ಲಾಗಿನಲ್ಲಿ ಒಂದೇ ಒಂದು ಸಾಲಿಗೆ ಕಾದದ್ದು. ಓಆರ್‌ಪೋರ್ಟ್ (ಬೇರೆಯವರು ರಿಲೇಗೆ ಬಂದು ಸೇರುವ ಪೋರ್ಟ್) ಹೊರಗಿನಿಂದ ಸಿಗುತ್ತಿದೆ, 'ಎಕ್ಸಲೆಂಟ್' ಅನ್ನುವ ಸಾಲು.

ಬೂಟ್‌ಸ್ಟ್ರ್ಯಾಪ್ (ಟಾರ್ ಜಾಲಕ್ಕೆ ಸೇರಿಕೊಳ್ಳುವ ಹಂತ) ಮಾತ್ರ 100% ಅಂತ ಬಂದು ಕೂತಿದೆ. ಅದನ್ನು ನೋಡಿ ಮೋಸಹೋಗಬೇಡಿ. ಒಳಗಿನಿಂದ ಹೊರಗೆ ದಾರಿ ಇದೆ ಅಂತಷ್ಟೇ ಅದರರ್ಥ. ರಿಲೇಗೆ ಬೇಕಾದ್ದು ಹೊರಗಿನಿಂದ ಒಳಗೆ.

ರೂಟರ್‌ನಲ್ಲಿ ಓಆರ್‌ಪೋರ್ಟ್ 9001 ಫಾರ್ವರ್ಡ್ ಆಗಿದೆ, ಫೈರ್‌ವಾಲ್ ತೆರೆದಿದೆ, ಗಡಿಯಾರವೂ ಸರಿ. ಕೊನೆಗೆ ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿದರೆ 100.72ರಿಂದ ಶುರು! 100.64ರಿಂದ 100.127ರವರೆಗೆ ಕಂಡರೆ ಸಿಜಿನ್ಯಾಟ್ ಅಂತ ತಿಳಿಯಿರಿ: ಒಂದೇ ಪಬ್ಲಿಕ್ ಐಪಿಯಲ್ಲಿ ಎಷ್ಟೋ ಮನೆ. ವಠಾರಕ್ಕೆಲ್ಲ ಒಂದೇ ಹೆಬ್ಬಾಗಿಲು, ಬೀಗದ ಕೈ ಇಂಟರ್ನೆಟ್ ಕಂಪನಿ ಹತ್ತಿರ. ನಮ್ಮ ಕೋಣೆ ಬಾಗಿಲು ಎಷ್ಟು ತೆರೆದಿಟ್ಟರೇನು?

ಪಬ್ಲಿಕ್ ಐಪಿ ಕೇಳಿ ಪಡೆಯಬೇಕು, ಇಲ್ಲವೇ ವಿಪಿಎಸ್ (ಬಾಡಿಗೆ ಸರ್ವರ್) ಹಿಡಿಯಬೇಕು. ಎರಡೂ ಆಗದಿದ್ದರೆ ಸ್ನೋಫ್ಲೇಕ್ (ಟಾರ್‌ಗೆ ತಡೆ ಇರುವ ಕಡೆಯವರನ್ನು ಅದಕ್ಕೆ ಸೇರಿಸುವ ಪುಟ್ಟ ಪ್ರಾಕ್ಸಿ) ಓಡಿಸಿ, ಅದಕ್ಕೆ ಪೋರ್ಟ್ ಫಾರ್ವರ್ಡ್ ಬೇಡ.

ಹಾಂ, ಇನ್ನೊಂದು. ಐಪಿವಿ4 ಸರಿಯಿದ್ದೂ ಐಪಿವಿ6 ಹೊರಗಿನಿಂದ ಸಿಗದಿದ್ದರೆ ಟಾರ್ ಡಿಸ್ಕ್ರಿಪ್ಟರ್ (ಜಾಲಕ್ಕೆ ಕೊಡುವ ರಿಲೇಯ ಪರಿಚಯ ಪತ್ರ) ಪ್ರಕಟಿಸುವುದೇ ಇಲ್ಲ. ಟಾರ್‌ನ ಸೆಟ್ಟಿಂಗ್ ಕಡತ ಟಾರ್‌ಆರ್‌ಸಿಯಲ್ಲಿ (torrc) ಓಆರ್‌ಪೋರ್ಟ್ ಸಾಲಿನ ಕೊನೆಗೆ 'ಐಪಿವಿ4ಓನ್ಲಿ' (IPv4Only) ಸೇರಿಸಿ ರೀಸ್ಟಾರ್ಟ್ ಮಾಡಿ.

ಆ 'ಎಕ್ಸಲೆಂಟ್' ಸಾಲು ಬಂದ ಮೇಲೂ ಮೊದಲ ಮೂರು ದಿನ ಟ್ರಾಫಿಕ್ ಅಷ್ಟಕ್ಕಷ್ಟೇ. ಸುಮ್ಮನೆ ಕಾನ್ಫಿಗ್ ಕೆದಕಬೇಡಿ.